ಕಂಪ್ಯೂಟರಿಗೆ ವಾಲ್ಯೂಮು ಒಂದೇ ಅಲ್ಲ

ನಮ್ಮವ್ವ ಬೀಸುವಾಗ ಹಾಡುತ್ತಿದ್ದ ಪದಗಳನ್ನು 1994ರಲ್ಲಿ ನನ್ನ ತಮ್ಮ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದ. ಇರೋದು ಒಂದೇ ಕ್ಯಾಸೆಟ್. ಅವ್ವ ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ಹೋದ ಬೇಸಿಗೆಯಲ್ಲಿ ಹೊಲದ ಕೆಲಸ ಇರಲಿಲ್ಲ. ಟೇಪು ಹಾಳಾಗುವುದರೊಳಗೆ ಇದನ್ನು ಕಂಪ್ಯೂಟರಿಗೆ ಹಾಕಿಬಿಡೋಣ ಅಂತ ಕೂತೆ. ಮಗ ಡಿಪ್ಲೊಮಾ ಓದುವಾಗ ತಂದ ಕಂಪ್ಯೂಟರ್ ಮನೆಯಲ್ಲೇ ಐತಿ. ನಾನು ಓದಿದ್ದು ಏಳನೇತ್ತೆ. ಹುಬ್ಬಳ್ಳಿಯಲ್ಲಿರುವ ಮಗ ಫೋನಿನಲ್ಲಿ ಹೇಳಿದ್ದು, ನಾನು ಕೆಡಿಸಿ ಕಲಿತದ್ದು ಎರಡೂ ಸೇರಿಸಿ ಬರೆದಿದ್ದೇನೆ.

ಮೊದಲ ದಿನ ದನಿಯೇ ಬರಲಿಲ್ಲ. ಸ್ಪೀಕರಿನ ತಿರುಪು ಪೂರಾ ತಿರುವಿದರೂ ಇಲ್ಲ. ಮಗ ನಕ್ಕ. "ಅಪ್ಪಾ, ಅದಕ್ಕ ವಾಲ್ಯೂಮು ಒಂದೇ ಅಲ್ಲ, ಒಂದರ ಹಿಂದೊಂದು ಅದಾವ" ಅಂದ. ಬೋರಿನ ಪೈಪಿನಲ್ಲಿ ನಾಲ್ಕು ಕಡೆ ವಾಲ್ವ್ ಇದ್ದ ಹಾಗೆ. (ನಮಗೆ ಬೋರಿಲ್ಲ, ಪಕ್ಕದ ಹೊಲದವರದ್ದು ನೋಡಿ ಗೊತ್ತು.) ಒಂದು ಮುಚ್ಚಿದ್ದರೂ ಕೊನೆಗೆ ನೀರಿಲ್ಲ.

ಮೊದಲನೇ ವಾಲ್ವ್ ಹಾಡು ನುಡಿಸುವ ಪ್ರೋಗ್ರಾಮಿನದ್ದು. ಎರಡನೆಯದು ವಿಂಡೋಸಿನ ವಾಲ್ಯೂಮ್ ಮಿಕ್ಸರಿನಲ್ಲಿ ಆ ಪ್ರೋಗ್ರಾಮಿಗೆ ಬೇರೆ ಮಾಡಿ ಕೊಟ್ಟದ್ದು. ಮೂರನೆಯದು ಪರದೆಯ ಬಲಗಡೆ ಕೆಳಗಿನ ಮೂಲೆಯ ಸ್ಪೀಕರ್ ಚಿತ್ರ ಒತ್ತಿದರೆ ಬರುವ ಎಲ್ಲದರ ವಾಲ್ಯೂಮು. ನಾಲ್ಕನೆಯದು ಸ್ಪೀಕರಿನ ತಿರುಪು. ಆ ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಮಿಕ್ಸರ್ ತೆರೆಯುವ ದಾರಿ ಸಿಗುತ್ತದೆ. ನಮ್ಮದರಲ್ಲಿ ಅಲ್ಲೇ ಯಾರೋ ಸೊನ್ನೆ ಮಾಡಿದ್ದರು.

ಇನ್ನೊಂದು ಮೋಸವೂ ಐತಿ. ಟಿವಿಯನ್ನೋ ಹೊಸ ಮಾನಿಟರನ್ನೋ ಎಚ್‌ಡಿಎಂಐ ವೈರಿನಿಂದ ಜೋಡಿಸಿದರೆ ಕೆಲವು ಸಲ ದನಿ ಆ ಕಡೆಗೇ ತಿರುಗಿಬಿಡುತ್ತದೆ. ಮಾನಿಟರಿಗೆ ಸ್ಪೀಕರೇ ಇಲ್ಲದಿದ್ದರೆ ದನಿ ಎಲ್ಲಿಂದ ಬರಬೇಕು? ಸ್ಪೀಕರ್ ಚಿತ್ರ ಒತ್ತಿ, ದನಿ ಯಾವುದಕ್ಕೆ ಹೋಗಬೇಕು ಅಂತ ಆರಿಸಿಕೊಡಬೇಕು.

ಕಂಪ್ಯೂಟರಿನೊಳಗಿನ ಮೂರನ್ನೂ ಹೆಚ್ಚಿಗೆ ಇಟ್ಟು, ಸ್ಪೀಕರಿನ ತಿರುಪಿನಲ್ಲಿ ಹೆಚ್ಚು ಕಡಿಮೆ ಮಾಡಿಕೊಳ್ಳುವುದೇ ಒಳ್ಳೆಯದು. ಒಳಗೆ ಕಡಿಮೆ ಇಟ್ಟು ಸ್ಪೀಕರ್ ಜೋರು ಮಾಡಿದರೆ ಹಾಡಿನ ಜೊತೆಗೆ ಸುಯ್ ಅನ್ನುವ ಸದ್ದೂ ದೊಡ್ಡದಾಗುತ್ತದೆ.

ಇಷ್ಟು ದನಿ ಹೊರಗೆ ಬರುವ ದಾರಿ. ಇಲ್ಲಿ ತಪ್ಪಿದರೆ ಮತ್ತೆ ಸರಿ ಮಾಡಿಕೊಳ್ಳಬಹುದು. ಒಳಗೆ ಹೋಗುವ ದಾರಿಯಲ್ಲಿ ತಪ್ಪಿದರೆ ಹೋದದ್ದು ಹೋಯಿತು. ನಾನು ಕೆಟ್ಟದ್ದು ಅಲ್ಲೇ.

ಕಂಪ್ಯೂಟರಿನ ಹಿಂದೆ ಮೂರು ಬಣ್ಣದ ತೂತುಗಳಿರುತ್ತವೆ. ಹಸಿರು ಸ್ಪೀಕರಿಗೆ. ಗುಲಾಬಿ ಮೈಕಿಗೆ. ನೀಲಿ, ಟೇಪ್ ರೆಕಾರ್ಡರಿನಂಥ ಯಂತ್ರದಿಂದ ದನಿ ಒಳಗೆ ತರಲಿಕ್ಕೆ. ಅದಕ್ಕೆ ಲೈನ್ ಇನ್ ಅನ್ನುತ್ತಾರೆ. ಹಿಂದೆ ಇದಕ್ಕೆಲ್ಲ ಸೌಂಡ್ ಕಾರ್ಡ್ ಅಂತ ಬೇರೆ ಹಲಗೆ ಹಾಕುತ್ತಿದ್ದರು, ಈಗ ಸಾಮಾನ್ಯವಾಗಿ ಒಳಗಿನ ದೊಡ್ಡ ಬೋರ್ಡಿನಲ್ಲೇ ಇರುತ್ತದೆ. ಟೇಪಿನ ಇಯರ್‌ಫೋನ್ ತೂತಿನಿಂದ ಎರಡೂ ತುದಿಗೆ ಪಿನ್ ಇರುವ ವೈರ್ ತಂದು ನಾನು ಗುಲಾಬಿಗೆ ಚುಚ್ಚಿದೆ. ದನಿ ಹಿಡಿಯೋದು ಮೈಕೇ ಅಲ್ಲವೇ ಅಂತ ನನ್ನ ಲೆಕ್ಕ.

ಮೈಕಿನಿಂದ ಬರುವ ಕರೆಂಟು ತೀರಾ ಸಣ್ಣದು. ಅದನ್ನು ಹಿಗ್ಗಿಸಲು ಮೈಕ್ರೊಫೋನ್ ಬೂಸ್ಟ್ ಅಂತ ಒಳಗೆ ಇಟ್ಟಿರುತ್ತಾರೆ. ಟೇಪಿನಿಂದ ಬರುವುದು ಮೊದಲೇ ದೊಡ್ಡದು. ಅದನ್ನು ಇನ್ನೂ ಹಿಗ್ಗಿಸಿದರೆ ಏನಾಗುತ್ತದೆ ನೋಡ್ರಿ. ಕಂಪ್ಯೂಟರ್ ದನಿಯನ್ನು ಅಂಕಿಯಾಗಿ ಬರೆದಿಡುತ್ತದೆ. ಸಿಡಿಯ ಮಟ್ಟದಲ್ಲಾದರೆ ಒಂದು ಸೆಕೆಂಡಿಗೆ 44,100 ಸಲ ಅಳೆಯುತ್ತದೆ. ಒಂದೊಂದು ಅಳತೆಗೂ 65,536 ಮೆಟ್ಟಿಲು. ಕೊನೇ ಮೆಟ್ಟಿಲು ದಾಟಿದ ದನಿಗೆ ಬರೆಯಲು ಅಂಕಿಯೇ ಇಲ್ಲ. ಸೇರಿಗೆ ಜೋಳ ತುಂಬಿ ಮೇಲಿನ ಗೋಪುರವನ್ನು ಅಂಗೈಯಿಂದ ಸವರಿ ಹಾಕಿದಂತೆ, ದನಿಯ ತಲೆ ಚಪ್ಪಟೆಯಾಗುತ್ತದೆ. ಕಿವಿಗೆ ಅದು ಹರಿದ ಡೊಳ್ಳಿನಂತೆ ಕೇಳುತ್ತದೆ. ಆಮೇಲೆ ವಾಲ್ಯೂಮು ಇಳಿಸಿದರೆ ಹರಿದ ದನಿಯೇ ಸಣ್ಣಗೆ ಕೇಳುತ್ತದೆ, ಅಷ್ಟೆ.

ಸಾಲದ್ದಕ್ಕೆ ಮೈಕಿನ ದಾರಿಯಲ್ಲಿ ಗದ್ದಲ ತೆಗೆಯುವ ವ್ಯವಸ್ಥೆಯೂ ಚಾಲೂ ಇತ್ತು. ಅದಕ್ಕೆ ಬೀಸುಕಲ್ಲಿನ ಗುರುಗುರು ಗದ್ದಲ ಅನ್ನಿಸಿರಬೇಕು. ಕಲ್ಲನ್ನು ನುಂಗಿ, ಅವ್ವನ ದನಿ ಮಾತ್ರ ಒಡೆದು ಕೊಟ್ಟಿತು. ಕಲ್ಲಿಲ್ಲದೆ ಆ ಪದ ಹೇಗೆ?

ಸರಿಯಾದ ದಾರಿ ಹೀಗೆ. ವೈರ್ ನೀಲಿಗೆ ಹಾಕಿ. ಸ್ಪೀಕರ್ ಚಿತ್ರದ ಮೇಲೆ ಬಲಗುಂಡಿ ಒತ್ತಿ ಸೌಂಡ್ಸ್ ಆರಿಸಿ. ವಿಂಡೋಸ್ 11ರಲ್ಲಾದರೆ ಸೌಂಡ್ ಸೆಟ್ಟಿಂಗ್ಸ್, ಅದರಲ್ಲಿ ಕೆಳಗೆ ಮೋರ್ ಸೌಂಡ್ ಸೆಟ್ಟಿಂಗ್ಸ್. ರೆಕಾರ್ಡಿಂಗ್ ಪುಟದಲ್ಲಿ ಲೈನ್ ಇನ್ ಕಾಣುತ್ತದೆ. ಕಾಣದಿದ್ದರೆ ಖಾಲಿ ಜಾಗದಲ್ಲಿ ಬಲಗುಂಡಿ ಒತ್ತಿ, ಮುಚ್ಚಿಟ್ಟವನ್ನೂ ತೋರಿಸು ಅನ್ನುವ ಸಾಲಿಗೆ ಗುರುತು ಹಾಕಿ. ಲೈನ್ ಇನ್ ಮೇಲೆ ಎರಡು ಸಲ ಒತ್ತಿದರೆ ಲೆವೆಲ್ಸ್ ಅಂತ ಪುಟ ಬರುತ್ತದೆ. ಇದೇ ಒಳದಾರಿಯ ವಾಲ್ಯೂಮು. ಅರ್ಧದಿಂದ ಶುರು ಮಾಡಿ. ಟೇಪಿನ ವಾಲ್ಯೂಮೂ ಅರ್ಧಕ್ಕಿರಲಿ.

ದನಿ ಹಿಡಿಯಲು ಆಡಾಸಿಟಿ ಅನ್ನುವ ಪ್ರೋಗ್ರಾಮು ಪುಕ್ಕಟೆ ಸಿಗುತ್ತದೆ. ಅದರಲ್ಲಿ ದನಿಗೆ ತಕ್ಕಂತೆ ಕುಣಿಯುವ ಒಂದು ಪಟ್ಟಿ ಇದೆ. ಅಂಕಿ ಮೈನಸ್‌ನಲ್ಲಿರುತ್ತದೆ, ಸೊನ್ನೆಯೇ ಸೇರಿನ ಬಾಯಿ. ಹಾಡಿನ ಅತಿ ಜೋರಿನ ಜಾಗದಲ್ಲೂ ಪಟ್ಟಿ ಮೈನಸ್ 6ರ ಆಸುಪಾಸಿಗೆ ನಿಲ್ಲುವಂತೆ ಮಾಡಿಕೊಳ್ಳಿ. ಸ್ವಲ್ಪ ಕಡಿಮೆಯಾದರೆ ಚಿಂತಿಲ್ಲ, ಆಮೇಲೆ ಏರಿಸಬಹುದು. ಲ್ಯಾಪ್‌ಟಾಪಿನಲ್ಲಿ ಹೆಚ್ಚಾಗಿ ನೀಲಿ ತೂತು ಇರುವುದಿಲ್ಲ. ಯುಎಸ್‌ಬಿಗೆ ಚುಚ್ಚುವ ಸೌಂಡ್ ಕಾರ್ಡ್ ಕೊಳ್ಳುವಾಗ ಲೈನ್ ಇನ್ ಇದ್ದದ್ದನ್ನೇ ಕೇಳಿ; ಬರೀ ಮೈಕ್ ಇದ್ದದ್ದು ಬೇಡ.

ಈ ಹದ ಮಾಡಿಕೊಳ್ಳಲು ಸಿನಿಮಾ ಹಾಡಿನ ಹಳೇ ಕ್ಯಾಸೆಟ್ ಹಾಕಿ. ನಾನು ಅವ್ವನ ಕ್ಯಾಸೆಟ್ಟನ್ನೇ ಹಾಕಿ ಹಿಂದೆ ಮುಂದೆ ಓಡಿಸಿದೆ. ಮೂರನೇ ಸಲಕ್ಕೆ ಟೇಪು ರೋಲರಿಗೆ ಸುತ್ತಿಕೊಂಡಿತು. ಬಿಡಿಸುವಷ್ಟರಲ್ಲಿ ಮೊದಲ ಪದದ ಒಂದಿಷ್ಟು ಭಾಗ ಮುದುಡಿ ಹರಿಯಿತು. ಉಳಿದದ್ದನ್ನು ನೀಲಿ ತೂತಿನಿಂದ ಹಿಡಿದೆ, ಕಲ್ಲಿನ ಸದ್ದಿನ ಸಮೇತ ಚೆನ್ನಾಗಿ ಬಂದಿದೆ. ಆ ಮೊದಲ ತುಣುಕು ಮಾತ್ರ ಗುಲಾಬಿಯಲ್ಲಿ ಹಿಡಿದದ್ದೇ ಉಳಿಯಿತು. ಒಡಕು ಸ್ವಲ್ಪ ನಯ ಮಾಡಬಹುದು ಅಂತಾನೆ ಮಗ. ಸದ್ಯ ಇದ್ದ ಹಾಗೇ ಇಟ್ಟಿದ್ದೇನೆ, ಪೆನ್‌ಡ್ರೈವಿನಲ್ಲಿ ಎರಡು ಪ್ರತಿ ಮಾಡಿ ಒಂದನ್ನು ತಮ್ಮನ ಮನೆಗೆ ಕಳಿಸಿದೆ.