ಗಣಕದಲ್ಲಿ ಹರಿಯುವ ನೆರೆ

ಶ್ರೀರಂಗಪಟ್ಟಣದ ಸಮೀಪ, ಕೃಷ್ಣರಾಜಸಾಗರದ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರದಲ್ಲಿ ಅಣೆಕಟ್ಟುಗಳ ಕಿರುಮಾದರಿಗಳನ್ನು ರಚಿಸಿ, ನೀರು ಹರಿಸಿ ಪರೀಕ್ಷಿಸುವರು. ಕಾಲವು ಅಳತೆಯ ವರ್ಗಮೂಲದಂತೆ ಕುಗ್ಗುವುದರಿಂದ, ನೂರರಲ್ಲೊಂದು ಅಳತೆಯ ಮಾದರಿಯಲ್ಲಿ ಒಂದು ಗಂಟೆಯ ಪ್ರವಾಹ 6 ನಿಮಿಷಗಳಲ್ಲಿ ಮುಗಿಯುವುದು.

ಪರಮಾಣು ವಿದ್ಯುದಾಗಾರಗಳಿಗೂ ಇಂತಹ ಪರೀಕ್ಷೆ ಅವಶ್ಯ. ನಿಲ್ಲಿಸಿದ ಮೇಲೂ ರಿಯಾಕ್ಟರಿನ ಇಂಧನವು ಶಾಖವನ್ನು ಹೊಮ್ಮಿಸುತ್ತಲೇ ಇರುತ್ತದೆ. ಅದನ್ನು ತಣಿಸುವ ಪಂಪುಗಳಿಗೆ ವಿದ್ಯುತ್ತು ಬೇಕು. 2011ರಲ್ಲಿ ಜಪಾನಿನ ಫುಕುಶಿಮಾದಲ್ಲಿ ಸುನಾಮಿಯು ಡೀಸೆಲ್ ಜನರೇಟರುಗಳನ್ನು ಮುಳುಗಿಸಿತು. ಮೂರು ರಿಯಾಕ್ಟರುಗಳ ಇಂಧನ ಕರಗಿತು.

ನಮ್ಮ ಕೈಗಾ ಸ್ಥಾವರವು ಕಾಳಿ ನದಿಯ ದಡದಲ್ಲಿದೆ. ನದಿಯ ಮೇಲ್ಭಾಗದಲ್ಲಿ ಕೊಡಸಳ್ಳಿ ಅಣೆಕಟ್ಟಿದೆ. ಇಂತಹ ಸ್ಥಳಗಳಲ್ಲಿ ಅತಿವೃಷ್ಟಿಯಾದರೆ, ಅಣೆಕಟ್ಟು ಒಡೆದರೆ ನೀರು ಎಷ್ಟು ಹೊತ್ತಿನಲ್ಲಿ, ಎಷ್ಟು ಎತ್ತರಕ್ಕೆ ಏರೀತು? ಸಾವಿರಾರು ಕಲ್ಪಿತ ನೆರೆಗಳನ್ನು ಗಣಕಯಂತ್ರದಲ್ಲಿ ಹರಿಸಿ, ಯಾವ ಯಂತ್ರ ಮೊದಲು ಮುಳುಗುವುದೆಂಬುದನ್ನೂ ಅದರ ಸಂಭವವನ್ನೂ ಲೆಕ್ಕ ಹಾಕುವರು. ಜನರೇಟರನ್ನು ಎಷ್ಟು ಎತ್ತರದಲ್ಲಿ ಇರಿಸಬೇಕೆಂಬುದು ಆ ಲೆಕ್ಕದಿಂದಲೇ ನಿರ್ಧಾರವಾಗಬೇಕು.