ಹೆಸರು ಅಳಿಯಿತು, ಪರವಾನಗಿ ಉಳಿಯಿತು: ಡೆಕ್ಕನ್ ವಿಲೀನದ ಲೆಕ್ಕಾಚಾರ

ಕೊಳ್ಳುವ ಸಂಸ್ಥೆಯಲ್ಲಿ ಕೊಳ್ಳಲ್ಪಟ್ಟ ಸಂಸ್ಥೆಯು ಲೀನವಾಗುವುದು ವಾಡಿಕೆ. ಏರ್ ಡೆಕ್ಕನ್ ಮತ್ತು ಕಿಂಗ್‌ಫಿಷರ್ ವಿಮಾನ ಸಂಸ್ಥೆಗಳ ವಿಷಯದಲ್ಲಿ ನಡೆದುದು ಇದಕ್ಕೆ ತದ್ವಿರುದ್ಧ. 2007ರಲ್ಲಿ ಯು.ಬಿ. ಸಮೂಹವು ಬೆಂಗಳೂರಿನ ಡೆಕ್ಕನ್ ಏವಿಯೇಷನ್ ಕಂಪನಿಯ ಶೇ. 26ರಷ್ಟು ಪಾಲನ್ನು ಖರೀದಿಸಿತು. ಮರುವರ್ಷ ಕಿಂಗ್‌ಫಿಷರ್‌ನ ವಿಮಾನಯಾನ ವ್ಯವಹಾರವನ್ನೇ ಡೆಕ್ಕನ್‌ಗೆ ವರ್ಗಾಯಿಸಿ, ಬಳಿಕ ಆ ಕಂಪನಿಗೆ ಕಿಂಗ್‌ಫಿಷರ್ ಏರ್‌ಲೈನ್ಸ್ ಲಿಮಿಟೆಡ್ ಎಂದು ಮರುನಾಮಕರಣ ಮಾಡಲಾಯಿತು.

ಕಾರಣ ಸ್ಪಷ್ಟವಾಗಿಯೇ ಇದೆ. ವಿದೇಶ ಸಂಚಾರಕ್ಕೆ ಐದು ವರ್ಷಗಳ ದೇಶೀಯ ಹಾರಾಟದ ಅನುಭವ ಮತ್ತು 20 ವಿಮಾನಗಳು ಇರಬೇಕೆಂಬ ನಿಯಮ ಆಗ ಜಾರಿಯಲ್ಲಿತ್ತು (2016ರಲ್ಲಿ ಇದನ್ನು ಸಡಿಲಿಸಲಾಯಿತು). ಕಿಂಗ್‌ಫಿಷರ್ ಹಾರಾಟ ಆರಂಭಿಸಿದ್ದು 2005ರಲ್ಲಿ; ಡೆಕ್ಕನ್ 2003ರ ಆಗಸ್ಟ್‌ನಲ್ಲಿ. ಡೆಕ್ಕನ್‌ನ ಐದು ವರ್ಷ ತುಂಬಿದೊಡನೆ, 2008ರ ಸೆಪ್ಟೆಂಬರ್‌ನಲ್ಲಿ, ಬೆಂಗಳೂರು–ಲಂಡನ್ ಸೇವೆ ಆರಂಭವಾಯಿತು. ಡೆಕ್ಕನ್ ಷೇರುಪೇಟೆಯಲ್ಲಿ ನೋಂದಾಯಿತವಾಗಿದ್ದುದರಿಂದ ಆ ಸೌಲಭ್ಯವೂ ಹೊಸ ಷೇರು ವಿತರಣೆಯಿಲ್ಲದೆಯೇ ದೊರೆಯಿತು. ಕಾಗದದ ಮೇಲೆ ಜಾಣ ಏರ್ಪಾಡು ಎಂಬುದರಲ್ಲಿ ಸಂಶಯವಿಲ್ಲ.

ಆದರೆ ಗ್ರಾಹಕನ ಕಣ್ಣಿಗೆ ಕಂಡದ್ದು ಬೇರೆ. ಏರ್ ಡೆಕ್ಕನ್ ಮೊದಲು ಸಿಂಪ್ಲಿಫ್ಲೈ ಡೆಕ್ಕನ್ ಆಯಿತು, ಬಳಿಕ ಕಿಂಗ್‌ಫಿಷರ್ ರೆಡ್. ಡಿಎನ್ ಎಂಬ ಸಂಕೇತವು ಮರೆಯಾಗಿ ಐಟಿ ಬಂದಿತು. ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯನನ್ನು ಲಾಂಛನವಾಗಿಸಿಕೊಂಡಿದ್ದ ಅಗ್ಗದ ದರದ ಸೇವೆಗೆ ವೈಭೋಗದ ಹೆಸರನ್ನು ಅಂಟಿಸಿದುದರಿಂದ ಎರಡೂ ವರ್ಗದ ಪ್ರಯಾಣಿಕರಿಗೆ ಗೊಂದಲವಾಯಿತೆಂಬುದು ನನ್ನ ಅಭಿಪ್ರಾಯ. ಒಂದೇ ಗಿರಣಿಯ ಎರಡು ದರ್ಜೆಯ ಬಟ್ಟೆಗೆ ಒಂದೇ ಮುದ್ರೆ ಒತ್ತಿದರೆ ಮೇಲ್ದರ್ಜೆಯದಕ್ಕೆ ಬೆಲೆ ಕೇಳುವುದು ಕಷ್ಟ. 2011ರಲ್ಲಿ ರೆಡ್ ಸೇವೆಯನ್ನು ನಿಲ್ಲಿಸುವುದಾಗಿ ಘೋಷಿಸಲಾಯಿತು. 2012ರ ಅಕ್ಟೋಬರ್‌ನಲ್ಲಿ ಸಂಸ್ಥೆಯ ಪರವಾನಗಿಯೇ ಅಮಾನತಾಯಿತು.

ಲೆಕ್ಕಪರಿಶೋಧಕರು ಗಮನಿಸಬೇಕಾದುದು ಮುಂದಿನ ಸಂಗತಿ. ಒಮ್ಮೆ ನಾಲ್ಕು ಸಾವಿರ ಕೋಟಿ ರೂಪಾಯಿಗೂ ಮಿಗಿಲೆಂದು ಮೌಲ್ಯಮಾಪನಗೊಂಡು ಬ್ಯಾಂಕುಗಳಲ್ಲಿ ಅಡವಾಗಿದ್ದ ಆ ಹೆಸರು ಮತ್ತು ಮುದ್ರೆಗಳನ್ನು 2016ರ ಏಪ್ರಿಲ್‌ನಲ್ಲಿ 366.70 ಕೋಟಿ ರೂಪಾಯಿ ಮೂಲಬೆಲೆಗೆ ಹರಾಜಿಗಿಟ್ಟಾಗ ಒಬ್ಬನೂ ಕೂಗಲಿಲ್ಲ. ವ್ಯವಹಾರ ನಿಂತ ಮೇಲೆ ಹೆಸರಿಗೆ ಯಂತ್ರದ ಗುಜರಿ ಬೆಲೆಯೂ ಇರದು; ಸಾಲಕ್ಕೆ ಅದನ್ನೇ ಭದ್ರತೆಯೆಂದು ಒಪ್ಪಿಕೊಳ್ಳುವವರ ಧೈರ್ಯ ಮೆಚ್ಚತಕ್ಕದ್ದೇ.

2024ರ ನವೆಂಬರ್ 12ರಂದು ವಿಸ್ತಾರ ಏರ್ ಇಂಡಿಯಾದಲ್ಲಿ ಲೀನವಾದಾಗ ಬೇರೆ ಹಾದಿ ಹಿಡಿದರು. ಯುಕೆ ಸಂಕೇತವನ್ನು ಕೈಬಿಟ್ಟರೂ ಆ ವಿಮಾನಗಳಿಗೆ 2ರಿಂದ ಆರಂಭವಾಗುವ ನಾಲ್ಕಂಕಿಯ ಎಐ ಸಂಖ್ಯೆಗಳನ್ನು ನೀಡಿ ಹಳೆಯ ಗ್ರಾಹಕರಿಗೆ ಗುರುತು ಉಳಿಸಿದರು.

ನಮ್ಮ ಸದಸ್ಯರಿಗೆ ಅನ್ವಯಿಸುವ ಎರಡು ಮಾತು. ಹೆಸರು ಬದಲಾಯಿಸಿದ ಕಂಪನಿಯು 2013ರ ಕಂಪನಿ ಕಾಯಿದೆಯ 12ನೆಯ ಕಲಮಿನಂತೆ ಎರಡು ವರ್ಷ ಕಾಲ ಫಲಕ ಹಾಗೂ ಪತ್ರಶೀರ್ಷಿಕೆಗಳಲ್ಲಿ ಹಳೆಯ ಹೆಸರನ್ನೂ ಮುದ್ರಿಸಬೇಕು. ವಿಲೀನವಾದಲ್ಲಿ ಬಳಕೆಯಾಗದ ಜಿಎಸ್‌ಟಿ ಹೂಡುವಳಿ ತೆರಿಗೆ ಜಮೆ ತಾನಾಗಿ ವರ್ಗವಾಗದು. ಐಟಿಸಿ-02 ನಮೂನೆಯನ್ನು ಲೆಕ್ಕಪರಿಶೋಧಕರ ಪ್ರಮಾಣಪತ್ರದೊಡನೆ ಸಲ್ಲಿಸಬೇಕು, ಮತ್ತು ಪಡೆಯುವ ಸಂಸ್ಥೆಯು ಅದನ್ನು ಜಾಲತಾಣದಲ್ಲಿ ಅಂಗೀಕರಿಸಬೇಕು.