ತೋಳಿಗೆ ಕಟ್ಟಿಕೊಂಡ ಅಳತೆಗೋಲು

ತಾರೀಕು ಗೊತ್ತುಮಾಡಿದರೆ ಜನ ಬರುತ್ತಾರೆ, ಗಾಳಿ ಬರಬೇಕೆಂದಿಲ್ಲ. ಹಲಗೆಯ ಮೇಲೆ ನಿಂತು ಹಾಯಿ ಹಿಡಿದು ನೀರಿನ ಮೇಲೆ ಓಡುವ ವಿಂಡ್‌ಸರ್ಫಿಂಗ್‌ನ ವೇಗಸ್ಪರ್ಧೆಗಳು ಮೊದಲಿನಿಂದಲೂ ಹೆಣಗಿದ್ದು ಈ ತೊಡಕಿನ ಜೊತೆಗೇ. ಅದಕ್ಕೆ ದಾರಿ ತೋರಿಸಿದ್ದು ಕಡಲಿಗೂ ಹಾಯಿಗೂ ಏನೇನೂ ಸಂಬಂಧವಿಲ್ಲದ ಒಂದು ಶೋಧ. ಹವ್ಯಾಸಿಗಳು ಅದನ್ನು ಹುಡುಕಿ ತಮ್ಮದು ಮಾಡಿಕೊಂಡ ಬಗೆ ನನಗೆ ಬಹಳ ಮೆಚ್ಚುಗೆಯಾದದ್ದು.

ಇಂಗ್ಲೆಂಡಿನ ದಕ್ಷಿಣ ತೀರದ ವೇಮೌತ್ ಬಳಿ ಪೋರ್ಟ್‌ಲೆಂಡ್ ಬಂದರಿದೆ. 1972ರಲ್ಲಿ ಅಲ್ಲಿ ‘ಸ್ಪೀಡ್ ವೀಕ್’ ಎಂಬ ವೇಗಸ್ಪರ್ಧೆ ಶುರುವಾಯಿತು. ನೈಋತ್ಯದ ಗಾಳಿ ಚೆಸಿಲ್ ಬೀಚ್ ಎಂಬ ಉದ್ದನೆಯ ಉರುಟುಗಲ್ಲಿನ ದಿಬ್ಬವನ್ನು ದಾಟಿ ಬಂದರಿಗೆ ಇಳಿಯುತ್ತದೆ. ದಿಬ್ಬ ಅಲೆಗಳನ್ನು ಆಚೆಯೇ ನಿಲ್ಲಿಸಿ ಗಾಳಿಯನ್ನು ಮಾತ್ರ ಒಳಗೆ ಬಿಡುತ್ತದೆ. ವೇಗಕ್ಕೆ ಬೇಕಾದದ್ದೂ ಅದೇ: ಜೋರು ಗಾಳಿ, ಮಟ್ಟಸವಾದ ನೀರು. 1983ರಲ್ಲಿ ಹವಾಯಿಯ ಫ್ರೆಡ್ ಹೇವುಡ್ ಇಲ್ಲಿ 30.82 ನಾಟ್, ಎಂದರೆ ಗಂಟೆಗೆ ಸುಮಾರು 57 ಕಿಲೋಮೀಟರ್ ವೇಗದಲ್ಲಿ ಓಡಿ, 30 ನಾಟ್ ದಾಟಿದ ಮೊದಲ ವಿಂಡ್‌ಸರ್ಫರ್ ಎನಿಸಿದ. 1986ರಲ್ಲಿ ಪಾಸ್ಕಲ್ ಮಾಕಾ ಕೆನರಿ ದ್ವೀಪಗಳ ಫುಯೆರ್ತೆವೆಂತುರಾದಲ್ಲಿ 38.86 ನಾಟ್ ಮುಟ್ಟಿದಾಗ, ಹಾಯಿಯಿಂದ ನಡೆಯುವ ಎಲ್ಲ ನೌಕೆಗಳನ್ನೂ ಒಂದು ಹಲಗೆ ಹಿಂದೆ ಹಾಕಿತ್ತು. ಎರಡು ವರ್ಷಕ್ಕೆ ಫ್ರಾನ್ಸಿನ ಸೇಂತ್ ಮಾರೀಯಲ್ಲಿ ಎರಿಕ್ ಬೀಲ್ 40 ನಾಟ್‌ನ ಗೆರೆಯನ್ನೂ ದಾಟಿದ.

ಈ ದಾಖಲೆಗಳ ಅಳತೆ 500 ಮೀಟರಿನದು. ಎರಡು ತುದಿಗೆ ಗುರುತು ನೆಡಬೇಕು, ಕ್ಯಾಮೆರಾ ಇಡಬೇಕು, ಸಮಯ ನೋಡುವವರು ದಡದಲ್ಲಿ ಕೂತಿರಬೇಕು. ಗುರುತು ಒಮ್ಮೆ ನೆಟ್ಟರೆ ಓಟದ ದಿಕ್ಕೂ ಗಟ್ಟಿಯಾಯಿತು. ಆಮೇಲೆ ಗಾಳಿ ಇಪ್ಪತ್ತು ಡಿಗ್ರಿ ಓರೆಯಾಗಿ ಬೀಸಿದರೂ ದಿನ ಕೆಟ್ಟಂತೆಯೇ. ಪ್ರಾಯೋಜಕರಿರುವ ವೃತ್ತಿಪರರು ವಾರಗಟ್ಟಲೆ ಕಾದಾರು. ರಜೆ ಹಾಕಿ, ಕಾರಿನ ಮೇಲೆ ಹಲಗೆ ಕಟ್ಟಿಕೊಂಡು ಬಂದ ಮೇಷ್ಟರೋ ಬಡಗಿಯೋ ಎಷ್ಟು ದಿನ ಕಾಯಬೇಕು? ಅವರು ಊರಿಗೆ ಮರಳಿ ಕೆಲಸಕ್ಕೆ ಹೋದ ಮಾರನೆಯ ದಿನ ಗಾಳಿ ಎದ್ದಿರುತ್ತದೆ. ಗಾಳಿ ಬಂದಾಗ ತೂರಿಕೋ ಎನ್ನುವ ನಮ್ಮ ಕಣದ ಬುದ್ಧಿ ಅವರಿಗೆ ಗೊತ್ತಿಲ್ಲದ್ದೇನಲ್ಲ. ತೂರುವ ಹೊತ್ತಿಗೆ ಅಳೆಯುವ ಕೊಳಗ ಬೇರೊಂದು ಊರಿನಲ್ಲಿರುತ್ತಿತ್ತು, ಅಷ್ಟೆ.

ಒಂದು ಓಟವನ್ನು ಹತ್ತಿರದಿಂದ ನೋಡಬೇಕು. ಆಟಗಾರ ಸೊಂಟದ ಹಾರ್ನೆಸ್‌ನ ಕೊಕ್ಕೆಯನ್ನು ಹಾಯಿಯ ಬೂಮಿಗೆ ಸಿಕ್ಕಿಸಿ, ಗಾಳಿ ಬರುವ ಕಡೆಯ ನೀರನ್ನೇ ನೋಡುತ್ತಿರುತ್ತಾನೆ. ಬಲವಾದ ಬೀಸು ಬಂದಾಗ ನೀರಿನ ಮೇಲೆ ಸಣ್ಣ ಸುಕ್ಕುಗಳೆದ್ದು ಅಷ್ಟು ಜಾಗ ಕಪ್ಪಾಗುತ್ತದೆ. ಆ ಕಪ್ಪು ತನ್ನ ಕಡೆಗೆ ಸರಿದು ಬರುವಾಗ ಅವನು ಹಲಗೆಯ ಮೂತಿಯನ್ನು ಗಾಳಿ ಹೋಗುವ ಕಡೆಗೆ ತಿರುಗಿಸುತ್ತಾನೆ. ಗಾಳಿಯ ವೇಗ ಒಂದೂವರೆ ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ಎರಡು ಪಟ್ಟಿಗೂ ಮೀರುತ್ತದೆ. ಹಲಗೆ ಎದ್ದು, ಹಿಂಬದಿಯ ಸ್ವಲ್ಪ ಭಾಗ ಮತ್ತು ಫಿನ್ ಮಾತ್ರ ನೀರು ಮುಟ್ಟುತ್ತಿರುತ್ತವೆ. 40 ನಾಟ್‌ನಲ್ಲಿ 500 ಮೀಟರ್ ಮುಗಿಯಲು 24 ಸೆಕೆಂಡು ಸಾಕು. ಬೀಸು ಅಷ್ಟು ಹೊತ್ತೂ ಜೊತೆಗಿರಬೇಕು, ಅದೂ ನೆಟ್ಟ ಗುರುತುಗಳ ನಡುವೆಯೇ!

ಈ ತೊಡಕಿಗೆ ದಾರಿ ತೋರಿಸಿದ ಶೋಧವನ್ನು ನೋಡಲು ಈಗ 1957ಕ್ಕೆ ಹೋಗೋಣ. ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿತು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಅನ್ವಯಿಕ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ವಿಲಿಯಂ ಗೈಯರ್ ಮತ್ತು ಜಾರ್ಜ್ ವೈಫೆನ್‌ಬಾಕ್ ಎಂಬಿಬ್ಬರು ಯುವ ವಿಜ್ಞಾನಿಗಳು ಅದರ 20 ಮೆಗಾಹರ್ಟ್ಸ್ ಸದ್ದನ್ನು ರೇಡಿಯೋ ರಿಸೀವರ್‌ನಲ್ಲಿ ಹಿಡಿದು ಟೇಪಿಗೆ ಇಳಿಸಿದರು. ಉಪಗ್ರಹ ಹತ್ತಿರ ಬರುವಾಗ ಅದರ ಕಂಪನಾಂಕ ಏರಿರುತ್ತಿತ್ತು, ದೂರ ಸರಿಯುವಾಗ ನೂರಾರು ಹರ್ಟ್ಸ್ ಇಳಿಯುತ್ತಿತ್ತು. ನಮ್ಮನ್ನು ದಾಟಿಹೋಗುವ ರೈಲಿನ ಸೀಟಿ ಏರಿ ಇಳಿಯುವುದಕ್ಕೂ ಇದಕ್ಕೂ ಕಾರಣ ಒಂದೇ. ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಹೇಳಿದ ಪರಿಣಾಮವಿದು. ಆ ಏರಿಳಿತವೊಂದರಿಂದಲೇ ಇಬ್ಬರೂ ಉಪಗ್ರಹದ ಕಕ್ಷೆಯನ್ನು ಲೆಕ್ಕಹಾಕಿಬಿಟ್ಟರು. 1958ರಲ್ಲಿ ಅವರ ಹಿರಿಯ ಸಹೋದ್ಯೋಗಿ ಫ್ರ್ಯಾಂಕ್ ಮೆಕ್ಲೂರ್ ಪ್ರಶ್ನೆಯನ್ನು ತಿರುವಿ ಹಾಕಿದರು. ಉಪಗ್ರಹ ಎಲ್ಲಿದೆ ಎಂದು ಮೊದಲೇ ಗೊತ್ತಿದ್ದರೆ, ಕೇಳಿಸಿಕೊಳ್ಳುವವನು ಎಲ್ಲಿದ್ದಾನೆಂದು ಹೇಳಬಹುದಲ್ಲವೇ? ಅಲ್ಲಿಂದ ಹುಟ್ಟಿದ್ದು ಜಲಾಂತರ್ಗಾಮಿಗಳಿಗೆ ದಾರಿ ತೋರಿದ ಟ್ರಾನ್ಸಿಟ್ ವ್ಯವಸ್ಥೆ. ಜಿಪಿಎಸ್ ಅದರ ನಂತರದ ಪೀಳಿಗೆ.

ಜಿಪಿಎಸ್‌ನಲ್ಲಿ ನಾಗರಿಕರಿಗೆ ಸಿಗುವ ಸಂಕೇತವನ್ನು ಅಮೆರಿಕ ಬೇಕೆಂದೇ ಕೆಡಿಸಿಡುತ್ತಿತ್ತು. 2000ದ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿತು. ಅದಾದ ಕೆಲವೇ ವರ್ಷಗಳಲ್ಲಿ ವಿಂಡ್‌ಸರ್ಫರ್‌ಗಳು ಅಂಗೈಯಗಲದ ಜಿಪಿಎಸ್ ಯಂತ್ರಗಳನ್ನು ನೀರು ಹೋಗದ ಚೀಲದಲ್ಲಿ ಹಾಕಿ ತೋಳಿಗೆ ಕಟ್ಟತೊಡಗಿದರು. ಸಂಭ್ರಮದ ಹಿಂದೆಯೇ ಅನುಮಾನವೂ ಬಂತು. ನೀರಿಗೆ ಬಿದ್ದು ಮೇಲೆದ್ದವನ ಯಂತ್ರ ಯಾವ ಹಲಗೆಗೂ ಸಾಧ್ಯವಿಲ್ಲದ ವೇಗ ತೋರಿಸುತ್ತಿತ್ತು.

ತಪ್ಪು ಎಲ್ಲಿದೆ ಎಂದು ಕಂಡುಕೊಂಡದ್ದೇ ಈ ಕತೆಯ ತಿರುಳು. ಅನೇಕ ಯಂತ್ರಗಳು ನೆನಪಿನಲ್ಲಿ ಬರೆದಿಡುತ್ತಿದ್ದುದು ಸ್ಥಾನಗಳನ್ನು ಮಾತ್ರ. ಎರಡು ಸ್ಥಾನಗಳ ನಡುವಿನ ದೂರವನ್ನು ಸಮಯದಿಂದ ಭಾಗಿಸಿ ಆಮೇಲೆ ವೇಗ ತೆಗೆಯಬೇಕಿತ್ತು. ಸೆಕೆಂಡಿಗೆ 15 ಮೀಟರ್ ಓಡುವವನ ಸ್ಥಾನ ಆ ಒಂದು ಸೆಕೆಂಡಿನ ಎರಡೂ ತುದಿಯಲ್ಲಿ ಮೂರು ಮೂರು ಮೀಟರ್ ಜಾರಿದರೆ ಸಾಕು, 29 ನಾಟ್‌ನ ಓಟ 17 ಎಂದೂ ಬರಬಹುದು, 40 ಎಂದೂ ಬರಬಹುದು. ಆದರೆ ಅದೇ ಯಂತ್ರದ ಒಳಗಿನ ಚಿಪ್ ಇನ್ನೊಂದು ಕೆಲಸವನ್ನೂ ಮಾಡುತ್ತಿರುತ್ತದೆ. 1575.42 ಮೆಗಾಹರ್ಟ್ಸ್‌ನ ಸಂಕೇತ ಎಷ್ಟು ಏರಿಳಿಯಿತು ಎಂದು ಅಳೆದು, ಉಪಗ್ರಹದ ಚಲನೆಯ ಪಾಲನ್ನು ಕಳೆದು, ಉಳಿದದ್ದರಿಂದ ನಮ್ಮ ವೇಗ ತಿಳಿಯುತ್ತದೆ. ಉಪಗ್ರಹದ ಕಡೆಗೆ ಸೆಕೆಂಡಿಗೆ ಒಂದು ಮೀಟರ್ ಸರಿದರೆ ಐದು ಹರ್ಟ್ಸ್ ವ್ಯತ್ಯಾಸ. ನೂರೈವತ್ತೇಳು ಕೋಟಿಯಲ್ಲಿ ಐದು! ಅದನ್ನೂ ಚಿಪ್ ಹಿಡಿಯುತ್ತದೆ. ಸ್ಥಾನ ಕೆಲವು ಮೀಟರ್ ತಪ್ಪಿದ್ದರೂ ಈ ಡಾಪ್ಲರ್ ವೇಗ ಅದರ ಜೊತೆ ಹಾಳಾಗುವುದಿಲ್ಲ. ಗೈಯರ್ ಮತ್ತು ವೈಫೆನ್‌ಬಾಕ್ ಟೇಪಿನಲ್ಲಿ ಕೇಳಿದ್ದು ಹೀಗೆ ಹವ್ಯಾಸಿಯ ತೋಳಿಗೆ ಬಂತು. ತೈವಾನಿನ ಲೋಕೋಸಿಸ್ ಕಂಪನಿಯ ಜಿಟಿ-11, ಅದರ ಹಿಂದೆ ಬಂದ ಜಿಟಿ-31 ಈ ವೇಗವನ್ನು ಸೆಕೆಂಡು ಸೆಕೆಂಡಿಗೂ ಬರೆದಿಡುತ್ತಿದ್ದವು. ವೇಗದ ಹುಚ್ಚಿನವರು ಅವನ್ನು ಹುಡುಕಿ ಹುಡುಕಿ ಕೊಂಡರು.

ಅಧಿಕೃತ ವಿಶ್ವದಾಖಲೆಯ ಅಳತೆ ಇಂದಿಗೂ 500 ಮೀಟರೇ. ನಮೀಬಿಯಾದ ಲೂಡೆರಿಟ್ಜ್‌ನಲ್ಲಿ ಅದಕ್ಕೆಂದೇ ಕಾಲುವೆ ತೋಡಿದ್ದಾರೆ. 2015ರಲ್ಲಿ ಆಂತ್ವಾನ್ ಆಲ್ಬೋ ಅಲ್ಲಿ 53.27 ನಾಟ್ ಓಡಿದ. ಹವ್ಯಾಸಿಗಳ ಸ್ಪರ್ಧೆ ಮಾತ್ರ ಗುರುತಿನ ಕಂಬಗಳಿಂದ ಬಿಡುಗಡೆಯಾಯಿತು. ಅದೀಗ ವರ್ಷವಿಡೀ ನಡೆಯುತ್ತದೆ, ಯಾವ ಕೆರೆಯಲ್ಲಿ ಗಾಳಿ ಎದ್ದಿತೋ ಅಲ್ಲಿ. ಅಳತೆಯೂ ಬದಲಾಯಿತು. ಒಂದು ಬೀಸಿನೊಳಗೆ ಮುಗಿಯಬಲ್ಲ ಹತ್ತು ಸೆಕೆಂಡಿನ ಸರಾಸರಿ ವೇಗವೇ ಮುಖ್ಯ ಲೆಕ್ಕವಾಯಿತು. ಅದೃಷ್ಟದ ಒಂದೇ ಬೀಸು ಯಾರನ್ನೂ ಗೆಲ್ಲಿಸಬಾರದೆಂದು ದಿನದ ಅತಿ ವೇಗದ ಐದು ಓಟಗಳ ಸರಾಸರಿ ತೆಗೆಯುವ ಪದ್ಧತಿಯೂ ಬಂತು. ನಾಲ್ಕು ಓಟ ಚೆನ್ನಾಗಿ ಬಂದು, ಮಧ್ಯಾಹ್ನದ ಮೇಲೆ ಗಾಳಿ ಬಿದ್ದುಹೋದರೆ ಐದನೆಯ ಸೋತ ಓಟವನ್ನೂ ಸೇರಿಸಿಯೇ ಆ ದಿನದ ಅಂಕಿ ಬರೆಯಬೇಕು.